ಮಳೆ ಅಳೆಯೋ ಗ್ಲಾಸನ್ನೇ ಚಾರ್ಟಿನಲ್ಲಿ ಬಿಡಿಸೋದು: ಜಿಜಿಪ್ಲಾಟ್2ಕ್ಕೆ ನಿಮ್ಮದೇ ಜಿಯೊಮ್

ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯ ದಿನವೂ ಎಂಟೂವರೆಯಿಂದ ಎಂಟೂವರೆಗೇ ಅಲ್ವಾ, ಹಾಗಾಗಿ ಲೆಕ್ಕ ಹೊಂದುತ್ತದೆ. ಹಳೆಯ ಪುಟಗಳೆಲ್ಲ ಇಂಚು-ಸೆಂಟ್ಸ್‌ನಲ್ಲಿವೆ, ಅಂದರೆ ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ. ಅದನ್ನೆಲ್ಲ ಮಿಲಿಮೀಟರಿಗೆ ತಿರುಗಿಸಿ, ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದಿಸಿ, ತಿಂಗಳಿಗೊಂದು ಕಂಬದ ಚಾರ್ಟ್ ಮಾಡಿ ಖುಷಿಯಲ್ಲಿ ತೋರಿಸಿದೆ. "ಇದೇನೋ ಕಂಬ ನೆಟ್ಟಿದ್ದೀಯ? ಗ್ಲಾಸು ಎಷ್ಟು ತುಂಬಿದೆ ಅಂತ ತೋರಿಸು" ಅಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ತಿಂಗಳ ವಾಡಿಕೆ ಮಳೆ ಎಷ್ಟೋ ಅಷ್ಟು ಎತ್ತರದ ಗ್ಲಾಸು. ಈ ವರ್ಷ ಬಿದ್ದದ್ದು ಅದರೊಳಗಿನ ನೀರು. ಮಳೆ ಕಮ್ಮಿಯಾದರೆ ಗ್ಲಾಸು ಅರ್ಧ ಖಾಲಿ, ಜಾಸ್ತಿಯಾದರೆ ನೀರು ಬಾಯಿ ಮೀರಿ ಮೇಲೆ ಬರುತ್ತದೆ. ನೋಡಿದ ಕೂಡಲೇ ಅರ್ಥ ಆಗುತ್ತದೆ. ಆರ್‌ನ ಚಾರ್ಟ್ ಪ್ಯಾಕೇಜ್ ಜಿಜಿಪ್ಲಾಟ್2ನಲ್ಲಿ ಇಂಥ ಜಿಯೊಮ್ (ಚಾರ್ಟಿನಲ್ಲಿ ಆಕಾರ ಬಿಡಿಸೋ ಭಾಗ) ಇಲ್ಲ, ಹಾಗಾಗಿ ನಾನೇ ಬರೆದೆ. ಅದನ್ನು ಹೇಗೆ ಬರೆಯೋದು, ನಾನು ಎಲ್ಲೆಲ್ಲಿ ಎಡವಿದೆ ಅಂತ ಇಲ್ಲಿ ಹೇಳುತ್ತೇನೆ. ಫಂಕ್ಷನ್ ಹೆಸರುಗಳನ್ನು ಕಿವಿಗೆ ಕೇಳಿಸೋ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಎಡಿಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಜಿಜಿಪ್ಲಾಟ್2 ಬಳಸಿ ಒಂದೆರಡು ಚಾರ್ಟ್ ಮಾಡಿದವರಿಗೆ ಇದು ಸಾಕು.

ಜಿಯೊಮ್ ನಿಜಕ್ಕೂ ಬೇಕಾ?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ, ಯಾಕಂದರೆ ಹೆಚ್ಚಿನ ಸಲ ಉತ್ತರ "ಬೇಡ". ನಾನೂ ಮೊದಲ ಎರಡು ಸಲ ಸುಮ್ನೆ ಜಿಯೊಮ್ ಬರೆಯಲು ಕೂತು ವಾರಾಂತ್ಯ ಕಳೆದಿದ್ದೇನೆ.

ನಿಮಗೆ ಬೇಕಾದದ್ದು ಈಗಿರುವ ಎರಡು ಮೂರು ಲೇಯರ್‌ಗಳ ಜೋಡಣೆ ಅಷ್ಟೇ ಆಗಿದ್ದರೆ ಒಂದು ಸಾದಾ ಫಂಕ್ಷನ್ ಸಾಕು. ಜಿಯೊಮ್_ಕಾಲ್, ಜಿಯೊಮ್_ಎರರ್‌ಬಾರ್, ಒಂದು ಸ್ಕೇಲ್, ಇವನ್ನೆಲ್ಲ ಒಂದು ಲಿಸ್ಟಿಗೆ ಹಾಕಿ ಆ ಲಿಸ್ಟನ್ನು ಹಿಂತಿರುಗಿಸಿ. ಪ್ಲಾಟಿಗೆ ಪ್ಲಸ್ ಹಾಕಿ ಲಿಸ್ಟ್ ಸೇರಿಸಿದರೆ ಜಿಜಿಪ್ಲಾಟ್2 ಅದರೊಳಗಿನ ಒಂದೊಂದನ್ನೂ ಸೇರಿಸಿಕೊಳ್ಳುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಹೊಸದಾಗಿರೋದು ಲೆಕ್ಕ ಮಾತ್ರ, ಬಿಡಿಸೋದು ಹಳೆಯ ಗೆರೆ, ಚುಕ್ಕಿ, ಕಂಬಗಳೇ ಆದರೆ ಸ್ಟ್ಯಾಟ್ (ಬಿಡಿಸೋ ಮೊದಲು ಲೆಕ್ಕ ಮಾಡೋ ಭಾಗ) ಬರೆಯಿರಿ. ಪರದೆ ಮೇಲೆ ಹೊಸ ಆಕಾರವೇ ಬೇಕು ಅಂದಾಗ ಮಾತ್ರ ಜಿಯೊಮ್. ನನ್ನ ಗ್ಲಾಸಿಗೆ ಎರಡೂ ಬೇಕಾದವು: ದಿನದ ಮಳೆಯನ್ನು ತಿಂಗಳಿಗೆ ಕೂಡಿಸೋದು ಲೆಕ್ಕ, ಮೇಲೆ ಬಾಯಿ ತೆರೆದ ಗ್ಲಾಸು ಆಕಾರ. ಆ ತೆರೆದ ಬಾಯಿಯೇ ತೊಂದರೆ. ಕಂಬದ ಅಂಚಿಗೆ ಬಣ್ಣ ಕೊಟ್ಟರೆ ನಾಲ್ಕೂ ಬದಿಗೆ ಗೆರೆ ಬರುತ್ತದೆ, ಮೇಲಿನದನ್ನು ಮಾತ್ರ ತೆಗೆಯೋ ಆಯ್ಕೆ ಇಲ್ಲ.

ಜಿಜಿಪ್ರೋಟೊ, ಭಯ ಪಡುವಂಥದ್ದೇನಿಲ್ಲ

ಹ್ಯಾಡ್ಲಿ ವಿಕ್‌ಹ್ಯಾಮ್ ಜಿಜಿಪ್ಲಾಟ್2 ಹೊರತಂದದ್ದು 2007ರಲ್ಲಿ. ಹೊರಗಿನವರು ಅಧಿಕೃತವಾಗಿ ಹೊಸ ಜಿಯೊಮ್ ಸೇರಿಸೋ ದಾರಿ ಸಿಕ್ಕಿದ್ದು 2015ರ ಕೊನೆಯಲ್ಲಿ, 2.0.0 ಆವೃತ್ತಿಯಲ್ಲಿ, ಜಿಜಿಪ್ರೋಟೊ ಅನ್ನೋ ಅದರದೇ ಆಬ್ಜೆಕ್ಟ್ ವ್ಯವಸ್ಥೆಯ ಜೊತೆಗೆ. ಒಂದು ಪ್ಯಾಕೇಜಿನ ಜಿಯೊಮಿನಿಂದ ಇನ್ನೊಂದು ಪ್ಯಾಕೇಜಿನ ಜಿಯೊಮ್ ಹುಟ್ಟಬೇಕು, ಅದೂ ಯಾವ ತಕರಾರಿಲ್ಲದೆ, ಅನ್ನೋದೇ ಅದರ ಮುಖ್ಯ ಉದ್ದೇಶ. 2025ರ 4.0.0 ಆವೃತ್ತಿಯಲ್ಲಿ ಒಳಗಿನ ಎಷ್ಟೋ ಭಾಗ ಎಸ್7 ಅನ್ನೋ ಆರ್‌ನ ಹೊಸ ಆಬ್ಜೆಕ್ಟ್ ವ್ಯವಸ್ಥೆಗೆ ಹೋಯಿತು, ಆದರೆ ಜಿಯೊಮ್ ಮತ್ತು ಸ್ಟ್ಯಾಟ್ ಇನ್ನೂ ಜಿಜಿಪ್ರೋಟೊ ಆಗಿಯೇ ಉಳಿದಿವೆ, ಹಾಗಾಗಿ ಇಲ್ಲಿ ಹೇಳೋದು 4.0.0ಕ್ಕೂ ಅದರ ಹಿಂದಿನದಕ್ಕೂ ನಡೆಯುತ್ತದೆ.

ಬಳಸೋದು ಸುಲಭ. ಜಿಜಿಪ್ರೋಟೊ ಅನ್ನೋ ಫಂಕ್ಷನ್ನಿಗೆ ಮೊದಲು ಹೊಸ ಕ್ಲಾಸಿನ ಹೆಸರು, ಆಮೇಲೆ ಅಪ್ಪ-ಅಮ್ಮ ಯಾರು ಅನ್ನೋದು (ಜಿಯೊಮ್ ಅಥವಾ ಸ್ಟ್ಯಾಟ್), ಆಮೇಲೆ ನೀವು ಬದಲಾಯಿಸಬೇಕಾದ ಮೆಥಡ್‌ಗಳು. ಬದಲಾಯಿಸದೇ ಬಿಟ್ಟದ್ದೆಲ್ಲ ಹಿರಿಯರಿಂದ ಬರುತ್ತದೆ. ನೋಡಲು ಕ್ಲಾಸ್ ಬರೆದ ಹಾಗೆ ಕಂಡರೂ ಇದೊಂದು ಫಂಕ್ಷನ್ ಕಾಲ್, ಆದ್ದರಿಂದ ಮೆಥಡ್‌ಗಳ ನಡುವೆ ಕಾಮಾ ಬೇಕು. ಮೊದಲ ದಿನ ನನಗೆ ಬಂದ ಎರರ್‌ಗಳಲ್ಲಿ ಅರ್ಧ ಈ ಕಾಮಾದ್ದೇ.

ಲೆಕ್ಕದ ಭಾಗ

ಸ್ಟ್ಯಾಟ್‌ಮಳೆತಿಂಗಳು ಅಂತ ಹೆಸರಿಟ್ಟೆ. ಇದಕ್ಕೆ ಬೇಕಾದದ್ದು ಎರಡೇ: ರಿಕ್ವೈರ್ಡ್_ಎಇಎಸ್ ಅಂದರೆ ಯಾವ ಏಸ್ತೆಟಿಕ್‌ಗಳು, ಅಂದರೆ ಡೇಟಾದಿಂದ ತುಂಬೋ ಎಕ್ಸ್, ವೈ, ಬಣ್ಣದಂಥ ಗುಣಗಳು, ಇರಲೇಬೇಕು ಅನ್ನೋ ಪಟ್ಟಿ (ಇಲ್ಲಿ ಎಕ್ಸ್, ವೈ), ಮತ್ತು ಕಂಪ್ಯೂಟ್_ಗ್ರೂಪ್ ಅನ್ನೋ ಮೆಥಡ್. ಆ ಮೆಥಡ್ಡಿಗೆ ಒಂದು ಗುಂಪಿನ ಡೇಟಾ ಫ್ರೇಮ್ ಬರುತ್ತದೆ, ನೀವು ಇನ್ನೊಂದು ಡೇಟಾ ಫ್ರೇಮ್ ವಾಪಸ್ ಕೊಡಬೇಕು. ಅಷ್ಟೇ. ಊರಿನ ಪ್ರಕಾರ ಬಣ್ಣ ಕೊಟ್ಟಿದ್ದರೆ ಊರಿಗೊಂದು ಸಲ ಈ ಮೆಥಡ್ ಓಡುತ್ತದೆ, ಅದನ್ನು ನೀವು ನೋಡಿಕೊಳ್ಳಬೇಕಿಲ್ಲ.

ನಾನು ಎಡವಿದ್ದು ತಾರೀಖಿನಲ್ಲಿ. ಎಕ್ಸ್‌ಗೆ ತಾರೀಖು ಕೊಟ್ಟಿದ್ದೇನೆ, ಆದ್ದರಿಂದ ಒಳಗೂ ತಾರೀಖೇ ಇರುತ್ತದೆ ಅಂದುಕೊಂಡು ತಿಂಗಳು ತೆಗೆಯೋ ಕೋಡ್ ಬರೆದೆ, ಅದು ಬಿದ್ದುಹೋಯಿತು. ಸ್ಟ್ಯಾಟ್ ಹತ್ತಿರ ಬರುವಷ್ಟರಲ್ಲಿ ಸ್ಕೇಲ್ ತನ್ನ ಕೆಲಸ ಮುಗಿಸಿರುತ್ತದೆ, ತಾರೀಖು ಬರೀ ಸಂಖ್ಯೆಯಾಗಿರುತ್ತದೆ: 1970ರ ಜನವರಿ 1ರಿಂದ ಎಷ್ಟು ದಿನ ಅಂತ. ಅದನ್ನು ಮತ್ತೆ ತಾರೀಖು ಮಾಡಿಕೊಂಡು, ತಿಂಗಳು ತೆಗೆದು, ಕೂಡಿಸಿ, ಕೊನೆಗೆ ಸಂಖ್ಯೆಯಾಗಿಯೇ ವಾಪಸ್ ಕೊಡಬೇಕು. ಲಾಗ್ ಸ್ಕೇಲ್ ಹಾಕಿದವರಿಗೂ ಇದೇ ಕಥೆ, ಸ್ಟ್ಯಾಟ್‌ಗೆ ಬರೋದು ಲಾಗ್ ತೆಗೆದ ಸಂಖ್ಯೆ. ಪ್ರತಿ ತಿಂಗಳ ಮೊತ್ತವನ್ನು ನಾನು 15ನೇ ತಾರೀಖಿನ ಮೇಲೆ ಕೂರಿಸಿದೆ. 1ರ ಮೇಲೆ ಕೂರಿಸಿದರೆ ಅರ್ಧ ಗ್ಲಾಸು ಹಿಂದಿನ ತಿಂಗಳ ಜಾಗಕ್ಕೆ ಹೋಗಿ ಕೂರುತ್ತದೆ.

ವಾಪಸ್ ಕೊಡೋ ಡೇಟಾ ಫ್ರೇಮಿನಲ್ಲಿ ನಿಮಗೆ ಬೇಕಾದ ಹೊಸ ಕಾಲಮ್ಮನ್ನೂ ಸೇರಿಸಬಹುದು. ನಾನು ಮಳೆದಿನ ಅಂತ ಒಂದು ಸೇರಿಸಿದೆ. 2.5 ಮಿಮೀ ಅಥವಾ ಅದಕ್ಕಿಂತ ಜಾಸ್ತಿ ಬಿದ್ದ ದಿನವನ್ನು ಹವಾಮಾನ ಇಲಾಖೆ ಮಳೆ ದಿನ ಅಂತ ಎಣಿಸುತ್ತದೆ, ಅದೇ ಲೆಕ್ಕ. ಆಮೇಲೆ ಜಿಯೊಮ್_ಟೆಕ್ಸ್ಟ್‌ಗೆ ಇದೇ ಸ್ಟ್ಯಾಟ್ ಕೊಟ್ಟು ಲೇಬಲ್ ಜಾಗದಲ್ಲಿ ಆಫ್ಟರ್_ಸ್ಟ್ಯಾಟ್ ಒಳಗೆ ಮಳೆದಿನ ಅಂತ ಬರೆದರೆ ನೀರಿನ ಮೇಲೆ ದಿನಗಳ ಸಂಖ್ಯೆ ಬರುತ್ತದೆ. ಒಂದೇ ಲೆಕ್ಕ, ಎರಡು ಜಿಯೊಮ್. ಲೆಕ್ಕವನ್ನು ಜಿಯೊಮ್ ಒಳಗೆ ತುರುಕಿದ್ದರೆ ಇದು ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ಮೂವತ್ತು ಸಾಲು ಹೋಗಿ ಒಂದು ಸಾಲು ಬರುವಾಗ, ನೀವು ವಾಪಸ್ ಕೊಡದೇ ಬಿಟ್ಟ ಏಸ್ತೆಟಿಕ್, ಗುಂಪಿನಲ್ಲಿ ಎಲ್ಲ ಸಾಲಿಗೂ ಒಂದೇ ಬೆಲೆ ಇಲ್ಲದಿದ್ದರೆ, ಕಳೆದುಹೋಗುತ್ತದೆ. ವಾಡಿಕೆ ಮಳೆ ತಿಂಗಳಿಂದ ತಿಂಗಳಿಗೆ ಬೇರೆ, ಆದ್ದರಿಂದ ಅದನ್ನೂ ಕೈಯಾರೆ ವಾಪಸ್ ಕೊಡಬೇಕು.

ಗ್ಲಾಸು

ಈಗ ಜಿಯೊಮ್‌ಗ್ಲಾಸು. ಜಿಯೊಮ್ ಮಾಡೋ ಕೆಲಸ ಒಂದೇ ಸಾಲಿನದು: ಡೇಟಾ ತೆಗೆದುಕೊಂಡು ಗ್ರಾಬ್ ಕೊಡೋದು. ಗ್ರಾಬ್ ಅಂದರೆ ಗ್ರಿಡ್ ಪ್ಯಾಕೇಜಿನ ಚಿತ್ರದ ತುಂಡು, ಒಂದು ಆಯತ, ಒಂದು ಗೆರೆ, ಒಂದಿಷ್ಟು ಅಕ್ಷರ. ಗ್ರಿಡ್ ಬರೆದವರು ಆಕ್ಲೆಂಡಿನ ಪಾಲ್ ಮುರ್ರೆಲ್, ಜಿಜಿಪ್ಲಾಟ್2 ಪೂರ್ತಿ ನಿಂತಿರೋದೇ ಅದರ ಮೇಲೆ.

ರಿಕ್ವೈರ್ಡ್_ಎಇಎಸ್‌ನಲ್ಲಿ ಎಕ್ಸ್, ವೈ ಮತ್ತು ಗ್ಲಾಸಿನ ಎತ್ತರ. ಎತ್ತರಕ್ಕೆ ನಾನು ಮೊದಲು "ವಾಡಿಕೆ" ಅಂತಲೇ ಹೆಸರಿಟ್ಟೆ, ಓದಲು ಚೆನ್ನಾಗಿತ್ತು. ಪ್ಲಾಟ್ ಬಂತು, ನೀರು ಬಂತು, ಗ್ಲಾಸಿನ ತಳ ಬಂತು, ಆದರೆ ಗ್ಲಾಸಿನ ಗೋಡೆಗಳು ಚಾರ್ಟಿನ ಮೇಲಂಚು ದಾಟಿ ಆಕಾಶಕ್ಕೆ ಹೋಗಿದ್ದವು. ಒಂದು ಸಂಜೆ ಪೂರ್ತಿ ಹುಡುಕಿದೆ. ಕಾರಣ ಹೆಸರು! ಯಾವ ಕಾಲಮ್ ಅಕ್ಷಕ್ಕೆ ಸೇರಿದ್ದು ಅನ್ನೋದನ್ನು ಜಿಜಿಪ್ಲಾಟ್2 ಹೆಸರು ನೋಡಿಯೇ ತಿಳಿಯುತ್ತದೆ. ವೈ, ವೈಮಿನ್, ವೈಮ್ಯಾಕ್ಸ್, ವೈಎಂಡ್ ಹೀಗೆ ಅದರ ಹತ್ತಿರ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿದ್ದರೆ ಮಾತ್ರ ಸ್ಕೇಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಬಿಡಿಸೋ ಹೊತ್ತಿಗೆ ಮಿಲಿಮೀಟರನ್ನು 0ಯಿಂದ 1ರೊಳಗಿನ ಜಾಗಕ್ಕೆ ಇಳಿಸುತ್ತದೆ. ನನ್ನ "ವಾಡಿಕೆ" ಪಟ್ಟಿಯಲ್ಲಿಲ್ಲ. ಹಾಗಾಗಿ 900 ಮಿಮೀ ಅನ್ನೋದು 900 ಆಗಿಯೇ ಉಳಿಯಿತು, ಅಂದರೆ ಚಾರ್ಟಿನ ಎತ್ತರದ ಒಂಬೈನೂರು ಪಟ್ಟು. ವೈಮ್ಯಾಕ್ಸ್ ಅಂತ ಹೆಸರು ಬದಲಿಸಿದೆ, ಗ್ಲಾಸು ನೆಲಕ್ಕಿಳಿಯಿತು. ಅಕ್ಷದ ಮೇಲೆ ನಿಲ್ಲಬೇಕಾದ ಯಾವುದಕ್ಕೂ ನಿಮ್ಮ ಸ್ವಂತ ಹೆಸರಿಡಬೇಡಿ.

ಡಿಫಾಲ್ಟ್_ಎಇಎಸ್‌ನಲ್ಲಿ ಬಣ್ಣ, ತುಂಬೋ ಬಣ್ಣ, ಗೆರೆಯ ದಪ್ಪ, ಗೆರೆಯ ಬಗೆ, ಆಲ್ಫಾ ಎಲ್ಲಕ್ಕೂ ಒಂದೊಂದು ಬೆಲೆ ಕೊಡಿ. ನೀವು ಬಿಡಿಸುವಾಗ ಮುಟ್ಟೋ ಪ್ರತಿಯೊಂದೂ ಇಲ್ಲಿರಬೇಕು, ಇಲ್ಲದಿದ್ದರೆ ಬಳಸುವವರು ಕೊಡದಿದ್ದಾಗ ಆ ಕಾಲಮ್ಮೇ ಇರೋದಿಲ್ಲ. ಗೆರೆಯ ದಪ್ಪಕ್ಕೆ ಲೈನ್‌ವಿಡ್ತ್ ಅನ್ನಿ. 2022ರ 3.4.0 ಆವೃತ್ತಿಯ ತನಕ ಇದಕ್ಕೆ ಸೈಜ್ ಅನ್ನುತ್ತಿದ್ದರು, ಹಳೆಯ ಪಾಠಗಳಲ್ಲಿ ಇನ್ನೂ ಅದೇ ಇದೆ. ಲೆಜೆಂಡಿನ ಗುರುತಿಗೆ ಡ್ರಾ_ಕೀ_ರೆಕ್ಟ್ ಸಾಕು.

ಆಮೇಲೆ ಸೆಟಪ್_ಡೇಟಾ. ಗ್ಲಾಸಿಗೆ ಅಗಲ ಬೇಕು, ಅದನ್ನು ಬಿಡಿಸುವಾಗ ಲೆಕ್ಕ ಹಾಕಿದರೆ ತಡವಾಗುತ್ತದೆ, ಯಾಕಂದರೆ ಅಷ್ಟರಲ್ಲಿ ಅಕ್ಷ ಎಲ್ಲಿಂದ ಎಲ್ಲಿಗೆ ಅಂತ ತೀರ್ಮಾನ ಆಗಿರುತ್ತದೆ, ಜನವರಿಯ ಎಡ ಗೋಡೆ ಕತ್ತರಿಸಿ ಹೋಗಬಹುದು. ಸೆಟಪ್_ಡೇಟಾ ಅದಕ್ಕಿಂತ ಮೊದಲೇ ಓಡುತ್ತದೆ. ಇಲ್ಲಿ ಎಕ್ಸ್‌ಮಿನ್, ಎಕ್ಸ್‌ಮ್ಯಾಕ್ಸ್ ಲೆಕ್ಕ ಹಾಕಿ, ವೈಮಿನ್‌ಗೆ 0 ಕೊಟ್ಟು ಸೇರಿಸಿ. ಅಗಲಕ್ಕೆ ರೆಸಲ್ಯೂಷನ್ ಅನ್ನೋ ಫಂಕ್ಷನ್ ಇದೆ, ಎರಡು ಎಕ್ಸ್‌ಗಳ ನಡುವಿನ ಅತಿ ಚಿಕ್ಕ ಅಂತರ ಕೊಡುತ್ತದೆ, ಅದಕ್ಕೆ 0.9 ಗುಣಿಸಿದರೆ ಸರಿಹೋಗುತ್ತದೆ. ಆದರೆ ಒಂದೇ ತಿಂಗಳ ಡೇಟಾ ಇದ್ದರೆ ಅಂತರ ಅನ್ನೋದೇ ಇಲ್ಲವಲ್ಲ, ಆಗ ಅದು 1 ಕೊಡುತ್ತದೆ. ತಾರೀಖಿನ ಅಕ್ಷದಲ್ಲಿ 1 ಅಂದರೆ ಒಂದು ದಿನ. ಹಾಗಾಗಿ ಬಳಸುವವರೇ ಅಗಲ ಹೇಳೋ ಹಾಗೆ ವಿಡ್ತ್ ಅನ್ನೋ ಪ್ಯಾರಾಮೀಟರ್ ಇಡಿ.

ಇಲ್ಲೊಂದು ಹಳೆಯ ಗುಂಡಿ. ವಿಡ್ತ್ ಕೊಟ್ಟರೆ "ಗೊತ್ತಿಲ್ಲದ ಪ್ಯಾರಾಮೀಟರ್, ಬಿಟ್ಟುಬಿಡುತ್ತಿದ್ದೇನೆ" ಅಂತ ಎಚ್ಚರಿಕೆ ಬರುತ್ತದೆ. ಜಿಯೊಮ್‌ಗೆ ಯಾವ್ಯಾವ ಪ್ಯಾರಾಮೀಟರ್ ಬೇಕು ಅಂತ ತಿಳಿಯಲು ಅದು ಬಿಡಿಸೋ ಮೆಥಡ್ಡಿನ ಆರ್ಗ್ಯುಮೆಂಟ್‌ಗಳನ್ನು ನೋಡುತ್ತದೆ, ಸೆಟಪ್_ಡೇಟಾದ ಒಳಗೆ ಇಣುಕೋದಿಲ್ಲ. ಎಕ್ಸ್‌ಟ್ರಾ_ಪ್ಯಾರಮ್ಸ್ ಪಟ್ಟಿಗೆ ಎನ್‌ಎ.ಆರ್‌ಎಂ ಜೊತೆ ವಿಡ್ತ್ ಸೇರಿಸಿದರೆ ಸರಿಯಾಗುತ್ತದೆ. ಜಿಜಿಪ್ಲಾಟ್2ನ ಹಳೆಯ ಆವೃತ್ತಿಗಳಲ್ಲಿ ಕಂಬದ ಜಿಯೊಮ್ಮೇ ಇದಕ್ಕಾಗಿ ಬಿಡಿಸೋ ಮೆಥಡ್ಡಿನಲ್ಲಿ ವಿಡ್ತ್ ಅನ್ನೋ ಆರ್ಗ್ಯುಮೆಂಟ್ ಸುಮ್ನೆ ಇಟ್ಟುಕೊಂಡು, ಪಕ್ಕದಲ್ಲಿ "ಹ್ಯಾಕ್" ಅಂತ ಕಾಮೆಂಟ್ ಹಾಕಿಕೊಂಡಿತ್ತು. ಅದನ್ನು ನೋಡಿ ನನಗೆ ತುಂಬಾ ಸಮಾಧಾನ ಆಯಿತು.

ಈಗ ಬಿಡಿಸೋದು. ಎರಡು ಮೆಥಡ್‌ಗಳಲ್ಲಿ ಒಂದನ್ನು ಬರೆಯಬೇಕು. ಡ್ರಾ_ಗ್ರೂಪ್ ಗುಂಪಿಗೊಂದು ಸಲ ಓಡುತ್ತದೆ, ಒಂದು ಗುಂಪು ಸೇರಿ ಒಂದೇ ಆಕಾರ ಆಗೋ ಕಡೆ ಅದು ಸರಿ. ಡ್ರಾ_ಪ್ಯಾನೆಲ್ ಪ್ಯಾನೆಲ್‌ಗೊಂದು ಸಲ, ಆದ್ದರಿಂದ ವೇಗ. ಸಾಲಿಗೊಂದು ಗ್ಲಾಸು ಅನ್ನೋ ನಮ್ಮ ಲೆಕ್ಕಕ್ಕೆ ಡ್ರಾ_ಪ್ಯಾನೆಲ್. ಅದಕ್ಕೆ ಡೇಟಾ, ಪ್ಯಾನೆಲ್_ಪ್ಯಾರಮ್ಸ್, ಕೋಆರ್ಡ್ ಮೂರು ಬರುತ್ತವೆ. ಕೋಆರ್ಡಿನ ಟ್ರಾನ್ಸ್‌ಫಾರ್ಮ್ ಮೆಥಡ್ಡಿಗೆ ಡೇಟಾ ಕೊಟ್ಟರೆ ಎಲ್ಲ 0–1ಕ್ಕೆ ಇಳಿಯುತ್ತದೆ, ಅದನ್ನು ರೆಕ್ಟ್‌ಗ್ರಾಬಿಗೆ ಕೊಟ್ಟು ನೀರು, ಪಾಲಿಲೈನ್‌ಗ್ರಾಬಿಗೆ ಕೊಟ್ಟು ಗ್ಲಾಸು, ಎರಡನ್ನೂ ಗ್ರಾಬ್‌ಟ್ರೀಯಲ್ಲಿ ಕಟ್ಟಿ ಕೊಟ್ಟರೆ ಮುಗಿಯಿತು. ಗೆರೆಯ ದಪ್ಪವನ್ನು ಮಾತ್ರ ಡಾಟ್-ಪಿಟಿ ಅನ್ನೋ ಸಂಖ್ಯೆಯಿಂದ ಗುಣಿಸಬೇಕು. ಅದರ ಬೆಲೆ 72.27 ಭಾಗಿಸು 25.4, ಇಂಚಿಗೆ ಇಷ್ಟು ಪಾಯಿಂಟ್, ಇಂಚಿಗೆ ಇಷ್ಟು ಮಿಲಿಮೀಟರ್ ಅಂತ. ಅಪ್ಪನ ಪುಸ್ತಕ ತಿರುಗಿಸಲು ಬಳಸಿದ 25.4 ಇಲ್ಲೂ ಸಿಕ್ಕಿತು.

ಕೈಯಲ್ಲಿ ಬಿಡಿಸಿದ್ದನ್ನು ಅಳಿಸಿ

ಮೇಲಿನದು ಕಲಿಯಲು ಒಳ್ಳೆಯದು, ಒಂದು ಸಲ ಮಾಡಿ ನೋಡಿ. ಆದರೆ ಇಟ್ಟುಕೊಳ್ಳಬೇಡಿ. ನಾನು ಎಕ್ಸ್, ವೈ ಅಕ್ಷ ಅದಲುಬದಲು ಮಾಡೋ ಕೋಆರ್ಡ್_ಫ್ಲಿಪ್ ಹಾಕಿದ ಕೂಡಲೇ ಗ್ಲಾಸು ಮಲಗಿತು, ಬಾಯಿ ಮಾತ್ರ ಇನ್ನೂ ಮೇಲೆಯೇ ಇತ್ತು, ನೀರು ಅರ್ಧ ದಪ್ಪಕ್ಕೆ ಇಳಿದಿತ್ತು. ಚಾರ್ಟನ್ನು ವೃತ್ತ ಮಾಡೋ ಕೋಆರ್ಡ್_ಪೋಲಾರ್ ಹಾಕಿದಾಗ ಏನಾಯಿತು ಅಂತ ಹೇಳೋದೇ ಬೇಡ. ಮೂಲೆಗಳನ್ನಷ್ಟೇ ತಿರುಗಿಸಿ ನಡುವೆ ನೇರ ಗೆರೆ ಎಳೆದರೆ ಹಾಗೇ ಆಗೋದು.

ಇದನ್ನೆಲ್ಲ ಈಗಾಗಲೇ ಬೇರೆಯವರು ಸರಿಮಾಡಿ ಇಟ್ಟಿದ್ದಾರೆ, ಅದನ್ನು ಸಾಲ ಪಡೆಯಿರಿ. ಡೇಟಾದ ಒಂದು ಪ್ರತಿ ಮಾಡಿ, ವೈಮ್ಯಾಕ್ಸ್ ಜಾಗಕ್ಕೆ ವೈ ಹಾಕಿ, ಅಂಚಿನ ಬಣ್ಣಕ್ಕೆ ಎನ್‌ಎ ಹಾಕಿ, ಜಿಯೊಮ್‌ರೆಕ್ಟ್‌ನ ಡ್ರಾ_ಪ್ಯಾನೆಲ್‌ಗೆ ಕೊಡಿ. ನೀರು ಸಿಕ್ಕಿತು. ಇನ್ನೊಂದು ಪ್ರತಿಯಲ್ಲಿ ಪ್ರತಿ ಸಾಲನ್ನೂ ನಾಲ್ಕು ಸಲ ಇಡಿ: ಎಡ ಮೇಲೆ, ಎಡ ಕೆಳಗೆ, ಬಲ ಕೆಳಗೆ, ಬಲ ಮೇಲೆ. ನಾಲ್ಕು ನಾಲ್ಕಕ್ಕೆ ಬೇರೆ ಬೇರೆ ಗ್ರೂಪ್ ನಂಬರ್ ಕೊಡಿ, ಮರೆತರೆ ಹನ್ನೆರಡೂ ಗ್ಲಾಸುಗಳನ್ನು ಒಂದೇ ಗೆರೆ ಪೋಣಿಸಿಬಿಡುತ್ತದೆ. ಇದನ್ನು ಜಿಯೊಮ್‌ಪಾತ್‌ನ ಡ್ರಾ_ಪ್ಯಾನೆಲ್‌ಗೆ ಕೊಡಿ. ನಾಲ್ಕು ಕಾಲಮ್‌ಗಳನ್ನು ಆರ್‌ಬೈಂಡ್ ಮಾಡಿ ಸಿ ಅನ್ನೋ ಫಂಕ್ಷನ್ ಒಳಗೆ ಹಾಕಿದರೆ ಸರಿಯಾದ ಅನುಕ್ರಮದಲ್ಲಿ ಒಂದೇ ಸಾಲಾಗಿ ಬರುತ್ತದೆ, ಲೂಪ್ ಬೇಡ. ಕೊನೆಗೆ ಎರಡನ್ನೂ ಗ್ರಾಬ್‌ಟ್ರೀಯಲ್ಲಿ ಕಟ್ಟಿ.

ಒಂದೇ ಎಚ್ಚರಿಕೆ: ಸಾಲ ಪಡೆಯುವಾಗ ಡೇಟಾವನ್ನು ನೀವು ಟ್ರಾನ್ಸ್‌ಫಾರ್ಮ್ ಮಾಡಬೇಡಿ. ಸಾಲ ಪಡೆದ ಡ್ರಾ_ಪ್ಯಾನೆಲ್ ತಾನೇ ಮಾಡುತ್ತದೆ. ಎರಡು ಸಲ ಆದರೆ ಎಲ್ಲವೂ ಮೂಲೆಯಲ್ಲಿ ಮುದ್ದೆಯಾಗಿ ಬೀಳುತ್ತದೆ ಅಥವಾ ಕಾಣಿಸೋದೇ ಇಲ್ಲ.

ಹೀಗೆ ಬರೆದ ಗ್ಲಾಸು ಫ್ಯಾಸೆಟ್‌ನಲ್ಲೂ, ಅಂದರೆ ಚಾರ್ಟನ್ನು ಊರಿಗೊಂದು ಪ್ಯಾನೆಲ್ ಅಂತ ಒಡೆದಾಗಲೂ, ಚೆನ್ನಾಗಿ ನಿಲ್ಲುತ್ತದೆ. ವರ್ಷಕ್ಕೆ 7,000 ಮಿಮೀ ದಾಟೋ ಆಗುಂಬೆಯನ್ನೂ 500ರ ಆಸುಪಾಸಿನ ಚಳ್ಳಕೆರೆಯನ್ನೂ ಅಕ್ಕಪಕ್ಕ ಇಟ್ಟು, ವೈ ಅಕ್ಷವನ್ನು ಪ್ಯಾನೆಲ್‌ಗೆ ತಕ್ಕ ಹಾಗೆ ಬಿಟ್ಟರೆ, ಎರಡರಲ್ಲೂ ಗ್ಲಾಸು ಗ್ಲಾಸಿನ ಹಾಗೇ ಕಾಣುತ್ತದೆ. ಒಂದೇ ಅಕ್ಷ ಇಟ್ಟರೆ ಚಳ್ಳಕೆರೆಗೆ ಸಿಗೋದು ಔಷಧಿ ಬಾಟಲಿಯ ಮುಚ್ಚಳ.

ಬಳಸುವವರಿಗೆ ಕಾಣೋ ಜಿಯೊಮ್_ಗ್ಲಾಸು ಫಂಕ್ಷನ್ ಬರೆಯೋದು ಬರೀ ನಕಲು. ಯಾವುದಾದರೂ ಇರುವ ಜಿಯೊಮಿನ ಫಂಕ್ಷನ್ ತೆರೆದು ನೋಡಿ, ಅದು ಲೇಯರ್ ಅನ್ನೋ ಫಂಕ್ಷನ್ನನ್ನು ಕರೆಯುತ್ತದೆ ಅಷ್ಟೇ. ಜಿಯೊಮ್ ಹೆಸರು ಬದಲಿಸಿ, ಪ್ಯಾರಮ್ಸ್ ಲಿಸ್ಟಿನಲ್ಲಿ ವಿಡ್ತ್ ಮತ್ತು ಮೂರು ಚುಕ್ಕಿ ಇರಲಿ.

ಏನೂ ಕಾಣಿಸದಿದ್ದರೆ

ಸ್ಟ್ಯಾಟ್ ಒಳಗೆ ತಪ್ಪಾದರೆ ಆರ್ ನಿಲ್ಲೋದಿಲ್ಲ. ಲೆಕ್ಕ ವಿಫಲವಾಯಿತು ಅಂತ ಒಂದು ಎಚ್ಚರಿಕೆ ಕೊಟ್ಟು ಖಾಲಿ ಚಾರ್ಟ್ ತೋರಿಸುತ್ತದೆ. ಆದ್ದರಿಂದ ಎಚ್ಚರಿಕೆಗಳನ್ನು ಓದಿ. ಲೇಯರ್_ಡೇಟಾ ಅನ್ನೋ ಫಂಕ್ಷನ್ನಿಗೆ ಪ್ಲಾಟ್ ಕೊಟ್ಟರೆ, ಬಿಡಿಸೋ ಮೊದಲು ಜಿಯೊಮ್‌ನ ಕೈಗೆ ಬರೋ ಡೇಟಾ ಸಿಗುತ್ತದೆ. ಅದು ಸರಿಯಿದ್ದರೆ ತಪ್ಪು ಡ್ರಾ_ಪ್ಯಾನೆಲ್‌ನಲ್ಲಿ, ಇಲ್ಲದಿದ್ದರೆ ಅದಕ್ಕಿಂತ ಹಿಂದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಒಳಗೆ ಹೋಗಿ ನೋಡಲೇಬೇಕಾದರೆ ಮೆಥಡ್ಡಿನ ಮೊದಲ ಸಾಲಿನಲ್ಲಿ ಆರ್‌ನ ಬ್ರೌಸರ್ ಅನ್ನೋ ಫಂಕ್ಷನ್ ಕರೆಯಿರಿ.

ಇನ್ನೊಂದು, ಇದರಿಂದ ನನಗೆ ನನ್ನ ಮೇಲೆಯೇ ಅನುಮಾನ ಬಂದಿತ್ತು. ಜಿಯೊಮ್ ತಿದ್ದಿ ಮತ್ತೆ ಓಡಿಸಿ, ಆಮೇಲೆ ಮೊದಲೇ ಕಟ್ಟಿಟ್ಟ ಪ್ಲಾಟನ್ನು ಪ್ರಿಂಟ್ ಮಾಡಿದರೆ ಹಳೆಯ ತಪ್ಪೇ ಕಾಣುತ್ತದೆ. ಆ ಪ್ಲಾಟಿನ ಲೇಯರ್ ಹಳೆಯ ಜಿಯೊಮನ್ನೇ ಹಿಡಿದುಕೊಂಡಿರುತ್ತದೆ. ಪ್ಲಾಟನ್ನೂ ಮತ್ತೆ ಕಟ್ಟಿ.

ತಿಂಗಳ ಹೆಸರು ಕನ್ನಡದಲ್ಲಿ ಬೇಕಾದವರಿಗೆ: ಆರ್‌ನ ಮಾಮೂಲಿ ಪಿಡಿಎಫ್ ಡಿವೈಸ್‌ನಿಂದ ಕನ್ನಡ ಆಗೋದಿಲ್ಲ, ಕೈರೋ_ಪಿಡಿಎಫ್ ಬಳಸಿ. ಪಿಎನ್‌ಜಿಗೆ ರ‍್ಯಾಗ್ ಪ್ಯಾಕೇಜ್ ಹಾಕಿಕೊಳ್ಳಿ, ಅದು ಇದ್ದರೆ ಜಿಜಿಸೇವ್ ತಾನಾಗಿಯೇ ಅದನ್ನು ಬಳಸುತ್ತದೆ, "ಅಕ್ಟೋಬರ್" ಅನ್ನೋದರ ಒತ್ತು ಅದರ ಜಾಗದಲ್ಲೇ ಕೂರುತ್ತದೆ.

ಗ್ಲಾಸು ನೋಡಿ ಅಪ್ಪ "ಹಾಂ, ಇದು" ಅಂದರು. ಆಮೇಲೆ ಇಂಚಿನಲ್ಲೂ ಬೇಕು ಅಂದರು. ಅದಕ್ಕೆ ಜಿಯೊಮ್ ಬೇಡ, ವೈ ಸ್ಕೇಲಿಗೆ ಸೆಕ್_ಆಕ್ಸಿಸ್ ಹಾಕಿ 25.4ರಿಂದ ಭಾಗಿಸಿದರೆ ಬಲಗಡೆ ಇಂಚು ಬರುತ್ತದೆ.